ಲೆಕ್ಕದಲ್ಲಿರದ ಒಂದು ರಾತ್ರಿಗೆ ಬೇಕಾದ ತುರ್ತು ಚೀಲ

ಮಾನ್ಯ ಸಂಪಾದಕರೇ,

ಬೆಟ್ಟ ಹತ್ತುವವರು, ಕಾಡುದಾರಿಯಲ್ಲಿ ನಡೆಯುವವರು, ಊರಾಚೆ ಬಿಡಾರ ಹೂಡುವವರು ಹೆಚ್ಚುತ್ತಿರುವ ಕಾಲವಿದು. ಪತ್ರಿಕೆಗಳ ಪ್ರವಾಸ ಪುಟಗಳು ಇಂಥವರಿಗೆ ಎಲ್ಲಿಗೆ ಹೋಗಬೇಕೆಂಬುದನ್ನು ಧಾರಾಳವಾಗಿ ಹೇಳುತ್ತವೆ. ಸಂಜೆಯೊಳಗೆ ಮರಳಲಾಗದೆ ಹೋದರೆ ಬೆನ್ನಿನ ಚೀಲದಲ್ಲಿ ಏನಿರಬೇಕು ಎಂಬ ಮಾತು ಬಂದಾಗ ಮಾತ್ರ ‘ಅಗತ್ಯ ಸಾಮಗ್ರಿಗಳೊಂದಿಗೆ ತೆರಳುವುದು ಒಳಿತು’ ಎಂಬ ಒಂದು ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಆ ಸಾಮಗ್ರಿಗಳು ಯಾವುವು, ಏಕೆ ಬೇಕು, ಯಾವುದು ಮೊದಲು ಯಾವುದು ನಂತರ ಎಂಬುದನ್ನು ಕುರಿತು ತಮ್ಮ ಪತ್ರಿಕೆಯ ಮೂಲಕ ಓದುಗರಿಗೆ ಕೆಲವು ಮಾತು ತಿಳಿಸಬಯಸುತ್ತೇನೆ.

ತುರ್ತು ಚೀಲವೆಂದರೆ ತಿಂಗಳುಗಟ್ಟಲೆ ಕಾಡಿನಲ್ಲಿ ಬದುಕಲು ಬೇಕಾದ ಸಲಕರಣೆಗಳ ಗಂಟು ಎಂಬ ಕಲ್ಪನೆ ಬಹಳ ಜನರಲ್ಲಿದೆ. ಕಿರುತೆರೆಯ ಸಾಹಸ ಕಾರ್ಯಕ್ರಮಗಳು ಈ ಕಲ್ಪನೆಗೆ ನೀರೆರೆದಿವೆ. ಮಾರಾಟಕ್ಕಿರುವ ಸಿದ್ಧ ಡಬ್ಬಿಗಳನ್ನು ತೆರೆದರೆ ಮೀನಿನ ಗಾಳ, ಉಂಗುರವಿರುವ ತಂತಿ ಗರಗಸ, ಗುಂಡಿಯಷ್ಟು ಪುಟ್ಟ ದಿಕ್ಸೂಚಿ ಇವೇ ಕಣ್ಣಿಗೆ ಬೀಳುತ್ತವೆ. ವಾಸ್ತವದಲ್ಲಿ ನಡೆಯುವುದು ಬೇರೆ. ಹಗಲಿನಲ್ಲೇ ಮುಗಿಯಬೇಕಾಗಿದ್ದ ನಡಿಗೆಯಲ್ಲಿ ಒಬ್ಬರ ಕಾಲು ಉಳುಕುತ್ತದೆ, ಇಲ್ಲವೇ ಮಂಜು ಕವಿದು ದಾರಿ ತಪ್ಪುತ್ತದೆ, ಇಲ್ಲವೇ ಮಳೆ ಬಂದು ದಾಟಿ ಬಂದ ಹಳ್ಳ ತುಂಬಿಬಿಡುತ್ತದೆ, ಕತ್ತಲಾಗುತ್ತದೆ, ಮರುದಿನ ಬೆಳಗಿನವರೆಗೆ, ಹೆಚ್ಚೆಂದರೆ ಇನ್ನೊಂದು ದಿನ, ಅಲ್ಲಿಯೇ ಉಳಿಯಬೇಕಾಗುತ್ತದೆ. ಆ ಒಂದು ರಾತ್ರಿಯನ್ನು ಜೀವಸಹಿತ ಕಳೆಯುವುದು, ಹುಡುಕಿಕೊಂಡು ಬರುವವರ ಕಣ್ಣಿಗೆ ಅಥವಾ ಕಿವಿಗೆ ಬೀಳುವುದು, ಈ ಎರಡಕ್ಕಾಗಿಯೇ ಚೀಲವನ್ನು ಕಟ್ಟಬೇಕು. ಈ ಎರಡಕ್ಕೆ ಒದಗದ ವಸ್ತು ಎಷ್ಟೇ ಚತುರವಾಗಿದ್ದರೂ ಭಾರವೇ ಸರಿ.

ಪಟ್ಟಿ ಮಾಡುವ ಪ್ರಯತ್ನ ಹೊಸದೇನಲ್ಲ. ಅಮೆರಿಕದ ಸಿಯಾಟಲ್‌ನ ‘ದಿ ಮೌಂಟೆನಿಯರ್ಸ್’ ಎಂಬ ಪರ್ವತಾರೋಹಿಗಳ ಸಂಘ 1930ರ ದಶಕದಲ್ಲಿಯೇ ‘ಹತ್ತು ಅಗತ್ಯ ವಸ್ತುಗಳು’ ಎಂಬ ಪಟ್ಟಿಯನ್ನು ತನ್ನ ವಿದ್ಯಾರ್ಥಿಗಳಿಗೆ ಕೊಟ್ಟಿತ್ತು. ನಕ್ಷೆ, ದಿಕ್ಸೂಚಿ, ಹೆಚ್ಚುವರಿ ಬಟ್ಟೆ, ಚಾಕು, ಬೆಂಕಿಕಡ್ಡಿ, ಟಾರ್ಚು ಮುಂತಾದವು ಅದರಲ್ಲಿದ್ದವು. ಮುಂದೆ ಅದೇ ಸಂಘ ವಸ್ತುಗಳ ಹೆಸರು ಹೇಳುವುದನ್ನು ಬಿಟ್ಟು, ದಾರಿ ತಿಳಿಯುವುದು, ಬೆಳಕು, ಆಸರೆ, ನೀರು ಎಂದು ಕೆಲಸಗಳ ಹೆಸರಿನಲ್ಲಿ ಪಟ್ಟಿಯನ್ನು ಮರುರೂಪಿಸಿತು. ಈ ಬದಲಾವಣೆ ವಿವೇಕದ್ದೆಂದು ನನ್ನ ಅಭಿಪ್ರಾಯ. ವಸ್ತುವಿನ ಹೆಸರು ಹೇಳಿದರೆ ಜನ ಅಂಗಡಿಗೆ ಹೋಗುತ್ತಾರೆ. ಕೆಲಸದ ಹೆಸರು ಹೇಳಿದರೆ ಒಂದಿಷ್ಟು ಯೋಚಿಸುತ್ತಾರೆ.

ಯಾವುದು ಮೊದಲು ಎಂಬುದಕ್ಕೆ ಚಾರಣಿಗರ ನಡುವೆ ಬಳಕೆಯಲ್ಲಿರುವ ಮೂರರ ಸೂತ್ರವೊಂದಿದೆ: ಗಾಳಿಯಿಲ್ಲದೆ ಮೂರು ನಿಮಿಷ, ಕೆಟ್ಟ ಹವೆಯಲ್ಲಿ ಆಸರೆಯಿಲ್ಲದೆ ಮೂರು ಗಂಟೆ, ನೀರಿಲ್ಲದೆ ಮೂರು ದಿನ, ಆಹಾರವಿಲ್ಲದೆ ಮೂರು ವಾರ. ಇದು ವೈದ್ಯಶಾಸ್ತ್ರದ ಅಳತೆಯಲ್ಲ, ನೆನಪಿಗೆಂದು ಮಾಡಿಕೊಂಡ ಅಂದಾಜು. ಆದರೆ ಅದು ತೋರಿಸುವ ಕ್ರಮ ಮಾತ್ರ ಸರಿಯಾದುದು. ಚೀಲ ಕಟ್ಟುವಾಗ ನಾವು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡು, ತಿಂಡಿಯಿಂದ ಆರಂಭಿಸಿ, ಜಾಗ ಉಳಿದರೆ ಬೆಚ್ಚನೆಯ ಬಟ್ಟೆ ಎನ್ನುತ್ತೇವೆ.

ಚಳಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿಯೇ ಹೆಚ್ಚು ತಪ್ಪು ತಿಳಿವಳಿಕೆಯಿದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಸಹಜ ಉಷ್ಣತೆಗೂ ಅಪಾಯಕ್ಕೂ ನಡುವೆ ಇರುವ ಅಂತರ ಬರೀ ಎರಡು ಡಿಗ್ರಿ. ಇದಕ್ಕೆ ಹಿಮ ಬೀಳಲೇಬೇಕೆಂದಿಲ್ಲ. ಮಳೆಯಲ್ಲಿ ತೊಯ್ದು, ಗಾಳಿಗೆ ಮೈಯೊಡ್ಡಿ ಕುಳಿತವರಿಗೆ ಹತ್ತು ಡಿಗ್ರಿಯ ಹವೆಯೇ ಸಾಕು. ಮೊದಲು ಜೋರಾದ ನಡುಕ, ಬೆರಳುಗಳು ಮಾತು ಕೇಳದಿರುವುದು, ತೊದಲು, ಎಡವು, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳುತ್ತವೆ. ಉಷ್ಣತೆ 32 ಡಿಗ್ರಿಯ ಸುತ್ತ ಇಳಿಯುತ್ತಿದ್ದಂತೆ ನಡುಕ ನಿಂತುಹೋಗುತ್ತದೆ. ಜೊತೆಗಿರುವವರು ಚಳಿ ಬಿಟ್ಟಿತೆಂದು ಸಮಾಧಾನಪಟ್ಟುಕೊಳ್ಳುವ ಈ ಹಂತವೇ ಹೆಚ್ಚು ಘೋರವಾದುದು. ಬುದ್ಧಿ ಮಂಕಾದ ಕೆಲವರು ಮೈ ಉರಿಯುತ್ತಿದೆಯೆಂದು ತೊಟ್ಟ ಬಟ್ಟೆಯನ್ನೂ ಕಳಚಿಬಿಡುವುದುಂಟು. ಚಳಿ ಹಿಡಿದ ಮನುಷ್ಯನಿಗೆ ತನ್ನ ಚೀಲದಲ್ಲಿರುವುದನ್ನು ಬಳಸಿಕೊಳ್ಳುವ ಕೈಚಳಕವೂ ಉಳಿದಿರುವುದಿಲ್ಲ, ನಿರ್ಧಾರಶಕ್ತಿಯೂ ಉಳಿದಿರುವುದಿಲ್ಲ. ಆದ್ದರಿಂದ ಆಸರೆಯ ವಸ್ತು ಚೀಲದಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಚಳಿಯಾದ ಮೇಲೆ ತೆಗೆಯುವುದಲ್ಲ, ನಿಲ್ಲಬೇಕಾಗಿ ಬಂದ ಕೂಡಲೇ ತೆಗೆಯಬೇಕು.

ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಸೆಳೆದುಕೊಳ್ಳುತ್ತದೆ. ಹತ್ತಿಬಟ್ಟೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಒದ್ದೆಯಾದ ಹತ್ತಿಯ ಅಂಗಿ ಮೈಗೆ ಹೊದಿಸಿದ ತಣ್ಣೀರುಪಟ್ಟಿಯೇ ಆಗಿಬಿಡುತ್ತದೆ. ಉಣ್ಣೆಯೂ ಫ್ಲೀಸ್‌ನಂಥ ಕೃತಕ ನೂಲಿನ ಬಟ್ಟೆಯೂ ತೊಯ್ದರೂ ಒಂದಷ್ಟು ಬೆಚ್ಚಗಿಡುತ್ತವೆ. ಎತ್ತರ ಏರಿದಂತೆಲ್ಲ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆಂಬುದನ್ನು ತಪ್ಪಲಿನ ಬಿಸಿಲಿನಲ್ಲಿ ನಿಂತು ಬಟ್ಟೆ ಆರಿಸಿಕೊಳ್ಳುವವರು ಮರೆಯುತ್ತಾರೆ. ಒಂದು ಉಣ್ಣೆಯ ಟೋಪಿ, ಒಂದು ಜೊತೆ ಒಣ ಕಾಲುಚೀಲ, ಗಾಳಿ ಮತ್ತು ಮಳೆ ಎರಡನ್ನೂ ತಡೆಯುವ ಒಂದು ಹೊರ ಅಂಗಿ ಇವು ಹವಾಮಾನ ಎಷ್ಟೇ ಹಿತವಾಗಿದ್ದರೂ ಚೀಲದಲ್ಲಿರಬೇಕಾದವು.

ಬೆಳ್ಳಿಯಂತೆ ಹೊಳೆಯುವ ತೆಳು ತುರ್ತು ಹೊದಿಕೆಯನ್ನು ಈಗ ಎಲ್ಲರೂ ಬಲ್ಲರು. 1964ರಲ್ಲಿ ನಾಸಾದ ಬಾಹ್ಯಾಕಾಶ ಕಾರ್ಯಕ್ರಮಕ್ಕಾಗಿ ರೂಪುಗೊಂಡ, ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಯದು. ದೇಹದಿಂದ ಹೊಮ್ಮುವ ಶಾಖದ ಕಿರಣಗಳನ್ನು ಅದು ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ ಎಂಬುದು ನಿಜ. ಆದರೆ ಕುಳಿತ ನೆಲ ತಣ್ಣಗಿದ್ದರೆ ಆ ನೆಲದೊಳಕ್ಕೆ ಹರಿದುಹೋಗುವ ಶಾಖವನ್ನು ತಡೆಯುವ ಶಕ್ತಿ ಅಷ್ಟು ತೆಳುವಾದ ಹಾಳೆಗಿಲ್ಲ. ಗಾಳಿಗೆ ಪಟಪಟ ಹಾರುತ್ತದೆ, ಒಂದು ಮುಳ್ಳು ತಾಗಿದರೆ ಉದ್ದಕ್ಕೂ ಸೀಳುತ್ತದೆ. ಹಾಗಾಗಿ ಹಾಳೆಗಿಂತ ಅದೇ ವಸ್ತುವಿನಿಂದ ಮಾಡಿದ, ಒಳಗೆ ಮೈ ತೂರಿಸಿಕೊಳ್ಳಬಹುದಾದ ಚೀಲವೇ ಲೇಸು. ಅದಕ್ಕಿಂತಲೂ ಗಟ್ಟಿಮುಟ್ಟಾದುದು ದಪ್ಪ ಪ್ಲಾಸ್ಟಿಕ್ಕಿನ, ಕಿತ್ತಳೆ ಬಣ್ಣದ ದೊಡ್ಡ ಚೀಲ. ಅದೂ ಸಿಗದಿದ್ದರೆ ಕಸ ತುಂಬುವ ಅತಿ ದೊಡ್ಡ ಗಾತ್ರದ ದಪ್ಪ ಚೀಲಗಳು ಎರಡಿದ್ದರೂ ಆದೀತು: ಒಂದರೊಳಗೆ ಕಾಲು ತೂರಿಸಿಕೊಂಡು, ಇನ್ನೊಂದಕ್ಕೆ ಮುಖದಷ್ಟು ತೂತು ಮಾಡಿ ತಲೆಯ ಮೇಲಿನಿಂದ ಇಳಿಬಿಟ್ಟುಕೊಂಡರೆ ಮಳೆ ಗಾಳಿ ಎರಡೂ ದೂರ. ಉಸಿರಾಟಕ್ಕೆ ಮುಖ ತೆರೆದಿರಲೇಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಮಕ್ಕಳ ದೃಷ್ಟಿಯಿಂದ ಹೇಳುತ್ತಿದ್ದೇನೆ. ಕೆಳಗೆ ಮಾತ್ರ ಏನಾದರೂ ಹಾಸಲೇಬೇಕು. ಖಾಲಿ ಮಾಡಿದ ಬೆನ್ನುಚೀಲ, ಸುತ್ತಿಟ್ಟ ಹಗ್ಗ, ಒಣ ಎಲೆಗಳ ದಪ್ಪ ರಾಶಿ, ಫೋಮ್ ಹಾಳೆಯ ಒಂದು ತುಂಡು, ಯಾವುದಾದರೂ ಸರಿ.

ಬಿಸಿಲುನಾಡಿನಲ್ಲಿ ಈ ಲೆಕ್ಕಾಚಾರ ಬದಲಾಗುತ್ತದೆ. ಅಲ್ಲಿ ನೆರಳು ಮತ್ತು ನೀರು ಮುಂದಕ್ಕೆ ಬರುತ್ತವೆ. ಅದೇ ಹೊದಿಕೆಯನ್ನು ಮೈಯಿಂದ ದೂರವಾಗಿ ಮೇಲೆ ಕಟ್ಟಿ ನೆರಳು ಮಾಡಿಕೊಳ್ಳಬೇಕು, ನಡು ಹಗಲಿನಲ್ಲಿ ನಡೆಯದೆ ಕುಳಿತು ಬೆವರನ್ನು ಉಳಿಸಬೇಕು. ಇರುವ ನೀರನ್ನು ಗುಟುಕು ಲೆಕ್ಕದಲ್ಲಿ ಬಚ್ಚಿಟ್ಟುಕೊಂಡು ಕುಸಿದುಬೀಳುವುದಕ್ಕಿಂತ, ಬಾಯಾರಿಕೆಯಾದಾಗ ಕುಡಿದು ಬೆವರುವ ಕೆಲಸವನ್ನು ಕಡಿಮೆ ಮಾಡುವುದೇ ಜಾಣತನ.

ಇನ್ನು ಪತ್ತೆಯಾಗುವ ವಿಷಯ. ಚೀಲದಲ್ಲಿ ಅತಿ ಹಗುರವೂ ಅತಿ ಉಪಯುಕ್ತವೂ ಆದ ವಸ್ತು ಯಾವುದೆಂದು ಯಾರಾದರೂ ಕೇಳಿದರೆ ಸೀಟಿಯೆಂದೇ ನಾನು ಹೇಳುತ್ತೇನೆ. ಕೂಗಿ ಕೂಗಿ ಗಂಟಲು ಸ್ವಲ್ಪ ಹೊತ್ತಿನಲ್ಲೇ ಕಟ್ಟಿಹೋಗುತ್ತದೆ; ಸೀಟಿಯ ಕೀರಲು ದನಿ ಗಾಳಿ, ನೀರಿನ ಸದ್ದನ್ನು ಸೀಳಿಕೊಂಡು ಹೋಗುತ್ತದೆ, ಊದಲು ಉಸಿರಿದ್ದರೆ ಸಾಕು. ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿಯೇ ಉತ್ತಮ, ಏಕೆಂದರೆ ಗುಂಡು ಕೊಳೆಯಿಂದಲೋ ಹಿಮದಿಂದಲೋ ಸಿಕ್ಕಿಕೊಳ್ಳಬಹುದು, ಲೋಹವಾದರೆ ಕಡುಚಳಿಯಲ್ಲಿ ತುಟಿಗೆ ಅಂಟಿಕೊಳ್ಳಬಹುದು. ಪರ್ವತ ಪ್ರದೇಶಗಳಲ್ಲಿ ಒಪ್ಪಿತವಾಗಿರುವ ಸಂಕೇತ 1894ರಷ್ಟು ಹಳೆಯದು. ಬ್ರಿಟಿಷ್ ಪರ್ವತಾರೋಹಿ ಕ್ಲಿಂಟನ್ ಡೆಂಟ್ ಸೂಚಿಸಿದ್ದು. ಒಂದು ನಿಮಿಷದಲ್ಲಿ ಆರು ಬಾರಿ ಊದಬೇಕು, ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು ಬಾರಿ ಊದಬೇಕು; ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಊದಿ ಉತ್ತರಿಸಬೇಕು. ಉತ್ತರ ಅಮೆರಿಕದಲ್ಲಿ ಸಹಾಯ ಕೇಳಲೇ ಮೂರು ಬಾರಿ ಊದುತ್ತಾರೆ. ಯಾವ ಲೆಕ್ಕವೇ ಆಗಲಿ, ಸಮ ಅಂತರದಲ್ಲಿ ಮರುಕಳಿಸುವ ದನಿಯನ್ನು ಯಾರೂ ಹಕ್ಕಿಯ ಕೂಗೆಂದು ತಳ್ಳಿಹಾಕುವುದಿಲ್ಲ. ನಡುವಿನ ಮೌನವೂ ಮುಖ್ಯ. ಊದುತ್ತಲೇ ಇದ್ದರೆ ಉತ್ತರ ಕೇಳಿಸುವುದು ಹೇಗೆ?

ಇದೇ ಆರರ ಲೆಕ್ಕವನ್ನು ರಾತ್ರಿ ಟಾರ್ಚಿನ ಬೆಳಕಿನಿಂದಲೂ ಹಗಲು ಕನ್ನಡಿಯ ಹೊಳಪಿನಿಂದಲೂ ತೋರಿಸಬಹುದು. ಅಂಗೈಯಗಲದ ಕನ್ನಡಿಯೊಂದು ಎಸೆಯುವ ಬಿಸಿಲ ಕೋಲು ಹತ್ತಾರು ಕಿಲೋಮೀಟರ್ ದೂರದ ವಿಮಾನಕ್ಕೂ ಕಾಣಬಲ್ಲದು. ತೋಳನ್ನು ಮುಂದೆ ಚಾಚಿ ಎರಡು ಬೆರಳ ನಡುವೆ ವಿಮಾನವನ್ನು ಹಿಡಿದಿಟ್ಟು, ಕನ್ನಡಿಯ ಹೊಳಪು ಆ ಬೆರಳುಗಳ ಮೇಲೆ ಬೀಳುವಂತೆ ಆಡಿಸಿದರೆ ಗುರಿ ತಪ್ಪುವುದಿಲ್ಲ. ಹೆಲಿಕಾಪ್ಟರ್ ಬಂದಾಗ ಎರಡೂ ಕೈಗಳನ್ನು ಓರೆಯಾಗಿ ಮೇಲೆತ್ತಿ ನಿಂತರೆ ‘ಹೌದು, ಸಹಾಯ ಬೇಕು’ ಎಂದರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಓರೆಯಾಗಿದ್ದರೆ ‘ಬೇಡ’ ಎಂದರ್ಥ. ಸಂಭ್ರಮದಲ್ಲಿ ಒಂದೇ ಕೈ ಬೀಸುವವರು ಇದನ್ನು ತಿಳಿದಿರಬೇಕು.

ಮೊಬೈಲ್ ಇದೆಯಲ್ಲ ಎನ್ನುವವರಿಗೆ ನಾನು ಮೊಬೈಲ್ ಬೇಡವೆನ್ನುವುದಿಲ್ಲ. ಅದರಲ್ಲಿ ನಕ್ಷೆಯಿದೆ, ಇರುವ ಜಾಗದ ಅಕ್ಷಾಂಶ ರೇಖಾಂಶಗಳಿವೆ, ಕರೆ ಹೋಗದ ಕಡೆ ಕೆಲವೊಮ್ಮೆ ಸಂದೇಶ ಹೋಗುತ್ತದೆ, ಬಹಳ ದೇಶಗಳಲ್ಲಿ 112ಕ್ಕೆ ಮಾಡುವ ಕರೆಯನ್ನು ಆ ಜಾಗದಲ್ಲಿ ಸಿಗುವ ಯಾವ ಜಾಲವಾದರೂ ಒಯ್ಯುತ್ತದೆ. ಆದರೆ ಜಾಲ ಸಿಗದ ಕಡೆ ಫೋನು ಜಾಲವನ್ನು ಹುಡುಕುತ್ತಲೇ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಚಳಿಯಲ್ಲಿ ಅರ್ಧ ತುಂಬಿದ್ದ ಬ್ಯಾಟರಿಯೂ ಹಠಾತ್ತನೆ ಕೈಕೊಡುತ್ತದೆ. ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಒಳ ಜೇಬಿನಲ್ಲಿ ಮೈಗೆ ತಾಗಿಸಿಕೊಂಡು, ಎತ್ತರದ ತೆರೆದ ಜಾಗ ಸಿಕ್ಕಾಗ ಮಾತ್ರ ತೆರೆಯುವುದು ವಾಸಿ. ಜನಸಂಚಾರವೇ ಇಲ್ಲದ ಕಡೆಗೆ ಪದೇ ಪದೇ ಹೋಗುವವರು ಉಪಗ್ರಹದ ಮೂಲಕ ಸಂಕಟ ಸಂದೇಶ ಕಳುಹಿಸುವ ಕಿರುಸಾಧನವನ್ನು ಕೊಳ್ಳುವ ಬಗ್ಗೆ ಯೋಚಿಸಬೇಕು. ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಅಂದಿನ ಸೋವಿಯತ್ ಒಕ್ಕೂಟ ಶೀತಲ ಸಮರದ ನಡುವೆಯೂ ಕೈಜೋಡಿಸಿ ಕಟ್ಟಿದ ಕಾಸ್ಪಾಸ್-ಸಾರ್‌ಸ್ಯಾಟ್ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತ ಬಂದಿದೆ; 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುವ ಅದರ ವೈಯಕ್ತಿಕ ಬೀಕನ್‌ಗೆ ಮಾಸಿಕ ಶುಲ್ಕವಿಲ್ಲ, ಆದರೆ ಹೆಸರು ನೋಂದಾಯಿಸಿರಬೇಕು. ಇಂಥ ಸಾಧನಗಳಿಗೆ ಕೆಲವು ದೇಶಗಳಲ್ಲಿ ಸರ್ಕಾರದ ಪೂರ್ವಾನುಮತಿ ಬೇಕಾಗುವುದರಿಂದ ಒಯ್ಯುವ ಮುನ್ನ ಕಾನೂನನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ, ಒಂದು ಗ್ರಾಂ ತೂಕವೂ ಇಲ್ಲದ ಸಾಮಗ್ರಿಯೊಂದು ಮನೆಯಲ್ಲೇ ಉಳಿಯುತ್ತದೆ. ಯಾರು ಯಾರು ಹೋಗುತ್ತಿದ್ದೇವೆ, ಯಾವ ದಾರಿ, ಯಾವ ಬಣ್ಣದ ಬಟ್ಟೆ, ಎಷ್ಟು ಹೊತ್ತಿಗೆ ಮರಳುತ್ತೇವೆ, ಎಷ್ಟು ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ಜವಾಬ್ದಾರಿಯುಳ್ಳವರೊಬ್ಬರ ಕೈಗೆ ಕೊಟ್ಟ ಚೀಟಿಯದು. ತೊಟ್ಟ ಬೂಟಿನ ಅಡಿಭಾಗದ ಫೋಟೊ ಒಂದು ಅದರ ಜೊತೆಗಿದ್ದರೆ ಹೆಜ್ಜೆಗುರುತು ಅರಸುವವರಿಗೆ ದೊಡ್ಡ ಉಪಕಾರ. ಚೀಟಿ ಕೊಟ್ಟ ಮೇಲೆ ದಾರಿ ಬದಲಿಸಬಾರದು. ದಾರಿ ತಪ್ಪಿದೆಯೆಂದು ತಿಳಿದ ಮೇಲೆ ಅಲೆಯಬಾರದು. ಕೊನೆಯದಾಗಿ ಕಂಡ ಜಾಗದಿಂದ ಯಾವ ದಿಕ್ಕಿಗಾದರೂ ಎರಡು ಕಿಲೋಮೀಟರ್ ದೂರದೊಳಗೆ ಒಬ್ಬ ವ್ಯಕ್ತಿ ಇದ್ದಾನೆಂದರೆ ಹುಡುಕಬೇಕಾದ ಪ್ರದೇಶ ಸುಮಾರು 12.5 ಚದರ ಕಿಲೋಮೀಟರ್. ಆತ ಇನ್ನೆರಡು ಕಿಲೋಮೀಟರ್ ಆಚೆ ಹೋಗಿರಬಹುದೆಂದಾದರೆ ಅದು 50 ಚದರ ಕಿಲೋಮೀಟರ್ ಆಗುತ್ತದೆ. ನಡೆದ ದೂರ ಇಮ್ಮಡಿ, ಹುಡುಕುವವರ ಪಾಡು ನಾಲ್ಮಡಿ.

ಮಕ್ಕಳಿಗೆ ಇದನ್ನು ಕಲಿಸುವ ಒಂದು ಮಾದರಿ ಕಾರ್ಯಕ್ರಮ 1981ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಬಾಲಕನೊಬ್ಬ ಕಳೆದುಹೋಗಿ ಪ್ರಾಣ ಬಿಟ್ಟ ನಂತರ ಆರಂಭವಾಯಿತು. ‘ಮರವನ್ನು ತಬ್ಬಿಕೋ’ ಎಂಬುದು ಅದರ ತಿರುಳು: ದಾರಿ ತಪ್ಪಿದ ಮಗು ಒಂದು ಮರವನ್ನು ಗೆಳೆಯನನ್ನಾಗಿ ಮಾಡಿಕೊಂಡು ಅದರ ಬುಡ ಬಿಟ್ಟು ಕದಲಬಾರದು. ಮಗುವಿನ ಜೇಬಿನಲ್ಲಿರಬೇಕಾದದ್ದು ಎರಡೇ ವಸ್ತು, ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಮತ್ತು ಒಂದು ಸೀಟಿ. ದೊಡ್ಡವರ ಚೀಲಕ್ಕೂ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ.

ಬೆಳಕಿಗೆ ತಲೆಗೆ ಕಟ್ಟಿಕೊಳ್ಳುವ ಹೆಡ್‌ಲ್ಯಾಂಪ್ ಇರಲಿ. ಕೈಯಲ್ಲಿ ಹಿಡಿಯುವ ಟಾರ್ಚು ಒಂದು ಕೈಯನ್ನು ಕಸಿದುಕೊಳ್ಳುತ್ತದೆ, ಫೋನಿನ ಬೆಳಕು ಫೋನನ್ನೇ ಕಸಿದುಕೊಳ್ಳುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ಲುಗಳು ಚಳಿಯಲ್ಲಿ ಸೊರಗುತ್ತವೆ, ಬಹುಕಾಲ ಬಿಟ್ಟರೆ ಸೋರಿ ದೀಪವನ್ನೇ ಕೆಡಿಸುತ್ತವೆ. ಒಮ್ಮೆ ಬಳಸಿ ಬಿಡುವ ಲಿಥಿಯಂ ಸೆಲ್ಲುಗಳು ಚಳಿಯನ್ನೂ ವರ್ಷಗಳ ಕಾಯುವಿಕೆಯನ್ನೂ ಚೆನ್ನಾಗಿ ತಾಳುತ್ತವೆ. ಚೀಲದೊಳಗೆ ಗುಂಡಿ ಒತ್ತಿಹೋಗಿ ದೀಪ ತಾನಾಗಿಯೇ ಉರಿದು ಮುಗಿಯದಂತೆ ಒಂದು ಸೆಲ್ಲನ್ನು ತಿರುವು ಹಾಕಿ ಇಡುವ ಹಳೆಯ ಉಪಾಯ ಈಗಲೂ ನಡೆಯುತ್ತದೆ.

ಬೆಂಕಿಯ ಬಗ್ಗೆ ಜನರಿಗಿರುವ ಮೋಹ ದೊಡ್ಡದು, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಕಟ್ಟಿಗೆ ಉಜ್ಜಿ ಬೆಂಕಿ ತೆಗೆಯುವ ವಿದ್ಯೆಯನ್ನು ಕಿರುತೆರೆಗೆ ಬಿಟ್ಟು, ಎರಡು ಲೈಟರ್‌ಗಳನ್ನು ಇಟ್ಟುಕೊಳ್ಳುವುದು ಮೇಲು. ಲೈಟರಿನೊಳಗಿನ ಬ್ಯೂಟೇನ್ ಸೊನ್ನೆ ಡಿಗ್ರಿಯ ಸುತ್ತ ಅನಿಲವಾಗಲು ಒಲ್ಲೆನ್ನುವುದರಿಂದ ಚಳಿಯಲ್ಲಿ ಅದನ್ನು ಮುಷ್ಟಿಯಲ್ಲಿ ಬಿಸಿ ಮಾಡಿಕೊಳ್ಳಬೇಕು. ಒದ್ದೆಯಾದರೂ ಕಿಡಿ ಕಾರುವ ಫೆರೋಸೀರಿಯಂ ಕಡ್ಡಿ ಒಂದು ಜೊತೆಗಿರಲಿ, ಆದರೆ ಅದನ್ನು ಬಳಸಲು ಅಭ್ಯಾಸ ಬೇಕು. ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿಯುಂಡೆಗಳು ಒಂದು ಪುಟ್ಟ ಡಬ್ಬಿಯಲ್ಲಿದ್ದರೆ ಹಸಿ ಪುಳ್ಳೆಗೂ ಬೆಂಕಿ ಹತ್ತುವಷ್ಟು ಹೊತ್ತು ಉರಿಯುತ್ತವೆ. ಒಣ ಹುಲ್ಲಿನ ಕಾಲದಲ್ಲಿ ಬೆಂಕಿ ಹಚ್ಚಿ ಕಾಡಿಗೂ ತಮಗೂ ಕುತ್ತು ತಂದುಕೊಳ್ಳುವುದಕ್ಕಿಂತ ಚಳಿ ಸಹಿಸುವುದೇ ಲೇಸು, ಮುಚ್ಚಿದ ಡೇರೆಯೊಳಗಂತೂ ಒಲೆ ಉರಿಸಲೇಬಾರದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ನೀರಿನ ಬಾಟಲಿ ಒಂದೇ ಪದರದ ಉಕ್ಕಿನದಾಗಿದ್ದರೆ ಅದರಲ್ಲೇ ನೀರು ಕಾಯಿಸಬಹುದು; ಎರಡು ಪದರದ ಬಿಸಿನೀರ ಬಾಟಲಿಯನ್ನು ಬೆಂಕಿಗಿಟ್ಟರೆ ಸಿಡಿಯಬಹುದು. ಕುದಿ ಬಂದ ಮೇಲೆ ಒಂದು ನಿಮಿಷ, ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿದರೆ ರೋಗಾಣುಗಳ ಭಯವಿಲ್ಲ. ಬೆಂಕಿಯಿಲ್ಲದಾಗ ಕ್ಲೋರಿನ್ ಡೈಆಕ್ಸೈಡ್ ಮಾತ್ರೆಗಳು ಒದಗುತ್ತವೆ. ಬ್ಯಾಕ್ಟೀರಿಯಾ, ವೈರಸ್‌ಗಳಿಗೆ ಸುಮಾರು ಅರ್ಧ ಗಂಟೆ ಸಾಕಾದರೂ ಕ್ರಿಪ್ಟೋಸ್ಪೋರಿಡಿಯಂ ಎಂಬ ಹಟಮಾರಿ ಪರೋಪಜೀವಿಗೆ ನಾಲ್ಕು ಗಂಟೆ ಕಾಯಬೇಕು. ಕೊಳವೆಯಂಥ ಕಿರುಶೋಧಕಗಳು ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ವೈರಸ್ಸುಗಳು ಅವುಗಳ ರಂಧ್ರಗಳಲ್ಲಿ ನುಸುಳಿಬಿಡುತ್ತವೆ. ಒಮ್ಮೆ ನೀರು ಹೆಪ್ಪುಗಟ್ಟಿದ ಶೋಧಕವನ್ನು ನಂಬಬಾರದು, ಒಳಗಿನ ಎಳೆಗಳು ಒಡೆದಿರುವುದು ಹೊರಗೆ ಕಾಣುವುದಿಲ್ಲ.

ಪ್ರಥಮ ಚಿಕಿತ್ಸೆಯ ಡಬ್ಬಿಗಳಲ್ಲಿ ಗೀರುಗಾಯಕ್ಕೆ ಹಚ್ಚುವ ಪಟ್ಟಿಗಳು ರಾಶಿಯಿರುತ್ತವೆ, ರಕ್ತ ಸುರಿಯುವ ಗಾಯಕ್ಕೆ ಏನೂ ಇರುವುದಿಲ್ಲ. ಗೀರುಗಾಯದಿಂದ ಯಾರೂ ಸಾಯುವುದಿಲ್ಲ. ದಪ್ಪ ಗಾಜ್ ಬಟ್ಟೆ, ಒತ್ತಿ ಕಟ್ಟುವ ಅಗಲದ ಬ್ಯಾಂಡೇಜು, ತ್ರಿಕೋನಾಕಾರದ ಬಟ್ಟೆ, ಗಟ್ಟಿ ಅಂಟುಪಟ್ಟಿ, ಕೈಗವಸು ಇವು ಮೊದಲು ಬೇಕು. ಬಹುತೇಕ ರಕ್ತಸ್ರಾವ ನೇರವಾಗಿ, ಬಿಡದೆ, ಬಲವಾಗಿ ಒತ್ತಿ ಹಿಡಿದರೆ ನಿಲ್ಲುತ್ತದೆ. ರಕ್ತ ನಿಲ್ಲದ ಕೈಕಾಲಿನ ಗಾಯಕ್ಕೆ ಮಾತ್ರ ಟೂರ್ನಿಕೆಟ್ ಎಂಬ, ರಕ್ತದ ಹರಿವನ್ನು ತಡೆಯುವ ಬಿಗಿಪಟ್ಟಿ, ಅದೂ ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ, ಬಿಗಿದ ಸಮಯವನ್ನು ಬರೆದಿಟ್ಟು. ಹಾವು ಕಡಿದ ಗಾಯವನ್ನು ಕೊಯ್ದು ಹೀರುವ, ದಾರ ಬಿಗಿಯುವ ಪದ್ಧತಿಗಳನ್ನು ವೈದ್ಯರು ತಿರಸ್ಕರಿಸಿ ಎಷ್ಟೋ ಕಾಲವಾಗಿದ್ದರೂ ಹೀರುವ ಪಂಪು ಇನ್ನೂ ಕೆಲವು ಡಬ್ಬಿಗಳಲ್ಲಿ ಬರುತ್ತಲೇ ಇದೆ; ಅದನ್ನು ತೆಗೆದು ಎಸೆಯಬಹುದು. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡದಂತೆ ಕಟ್ಟಿ, ಆಸ್ಪತ್ರೆಗೆ ಹೊತ್ತೊಯ್ಯುವುದಷ್ಟೇ ಹೊರಗಿನವರು ಮಾಡಬಹುದಾದದ್ದು. ಉಬ್ಬಸದ ಇನ್‌ಹೇಲರ್, ಅಲರ್ಜಿಯ ಚುಚ್ಚುಮದ್ದು, ನಿತ್ಯದ ಮಾತ್ರೆಗಳು ಎರಡು ದಿನಕ್ಕಾಗುವಷ್ಟು ಹೆಚ್ಚಿಗೆ ಇರಲಿ. ಓಆರ್‌ಎಸ್ ಪುಡಿಯ ಪೊಟ್ಟಣ ಹಗುರ, ಭೇದಿಗೂ ಬೆವರಿನ ನಷ್ಟಕ್ಕೂ ಆದೀತು.

ಚಾಕು, ಹತ್ತು ಹದಿನೈದು ಮೀಟರ್ ಹಗ್ಗ, ನಕ್ಷೆ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ದಿಕ್ಸೂಚಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದಿಕ್ಸೂಚಿಯನ್ನು ಫೋನಿನ ಪಕ್ಕದಲ್ಲಿಟ್ಟು ನೋಡಿದರೆ ಮುಳ್ಳು ದಾರಿ ತಪ್ಪಿಸುತ್ತದೆ ಎಂಬುದೊಂದು ನೆನಪಿರಲಿ. ಆಹಾರ ಬೇಯಿಸದೆ ತಿನ್ನಬಹುದಾದ ಏನಾದರೂ ಸರಿ, ಒಂದು ಮುಷ್ಟಿ.

ಚೀಲ ಕಟ್ಟಿದ ಮೇಲೆ ಅದು ಎಲ್ಲಿರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಹತ್ತು ಜನರ ಗುಂಪಿಗೆ ಒಂದೇ ಚೀಲವಿದ್ದರೆ, ಅದು ಯಾವಾಗಲೂ ಮುಂದೆ ನಡೆದುಹೋದವರ ಬೆನ್ನ ಮೇಲಿರುತ್ತದೆ. ವಾಹನದಲ್ಲಿ ಬಿಟ್ಟು ಬಂದ ಚೀಲವಂತೂ ವಾಹನವನ್ನು ಕಾಪಾಡುತ್ತದೆ. ಬೆನ್ನುಚೀಲವೇ ಜಾರಿ ಪ್ರಪಾತಕ್ಕೆ ಬೀಳುವುದೂ ಉಂಟು. ಆದ್ದರಿಂದ ಸೀಟಿ, ಲೈಟರ್, ಹೊದಿಕೆ, ಸಣ್ಣ ದೀಪ ಈ ನಾಲ್ಕು ಪ್ರತಿಯೊಬ್ಬರ ಮೈಮೇಲಿನ ಜೇಬಿನಲ್ಲಿರಬೇಕು, ಉಳಿದವು ನೀರು ನುಗ್ಗದ ಗಾಢ ಬಣ್ಣದ ಸಂಚಿಯಲ್ಲಿ ಬೆನ್ನುಚೀಲದ ಮೇಲ್ಭಾಗದಲ್ಲಿರಬೇಕು. ಕೊಂಡು ತಂದು ಮುದ್ರೆಯೊಡೆಯದೆ ಇಟ್ಟರೆ ಯುದ್ಧಕಾಲೇ ಶಸ್ತ್ರಾಭ್ಯಾಸವೇ ಗತಿ. ಒಂದು ಸಂಜೆ ಕತ್ತಲಲ್ಲಿ, ಕೈ ಒದ್ದೆ ಮಾಡಿಕೊಂಡು, ಒಂದೇ ಕೈಯಿಂದ ಸಂಚಿಯನ್ನು ಬಿಚ್ಚಿ ಹೊದಿಕೆ ಹೊದ್ದು ದೀಪ ಹೊತ್ತಿಸಿ ನೋಡಿದರೆ ಯಾವ ಗಂಟು ಬಿಚ್ಚುವುದಿಲ್ಲ, ಯಾವ ಪೊಟ್ಟಣಕ್ಕೆ ಹಲ್ಲು ಬೇಕಾಗುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ವರ್ಷಕ್ಕೆ ಎರಡು ಬಾರಿ ಮಾತ್ರೆಗಳ ಅವಧಿ, ಸೆಲ್ಲುಗಳು, ಅಂಟುಪಟ್ಟಿಯ ಅಂಟು ಇವನ್ನು ಪರೀಕ್ಷಿಸಬೇಕು.

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಚಾರಣದ ಜಾಗವೊಂದರ ಬಗ್ಗೆ ಲೇಖನ ಪ್ರಕಟಿಸುವಾಗ ಅದರ ಕೊನೆಯಲ್ಲಿ ಆ ದಾರಿಗೆ ಸಾಮಾನ್ಯ ನಡಿಗೆಯಲ್ಲಿ ಹಿಡಿಯುವ ಗಂಟೆಗಳು, ಆ ತಿಂಗಳಲ್ಲಿ ಸೂರ್ಯಾಸ್ತದ ಸಮಯ, ಮೊಬೈಲ್ ಜಾಲ ಕಡಿದುಹೋಗುವ ಜಾಗ, ರಾತ್ರಿಯ ಕನಿಷ್ಠ ಉಷ್ಣತೆ, ಕೊನೆಯದಾಗಿ ನೀರು ಸಿಗುವ ಸ್ಥಳ ಮತ್ತು ಸಹಾಯಕ್ಕೆ ಕರೆಯಬೇಕಾದ ಸಂಖ್ಯೆ ಇಷ್ಟನ್ನು ನಮೂದಿಸುವ ಪದ್ಧತಿಯನ್ನು ಆರಂಭಿಸಬೇಕು. ಇವು ಗೊತ್ತಿದ್ದವರು ಮೇಲೆ ಹೇಳಿದ ಚೀಲವನ್ನು ತಮ್ಮ ದಾರಿಗೆ ತಕ್ಕಂತೆ ತಾವೇ ಕಟ್ಟಿಕೊಳ್ಳಬಲ್ಲರು, ‘ಅಗತ್ಯ ಸಾಮಗ್ರಿಗಳೊಂದಿಗೆ’ ಎಂಬ ಸಾಲನ್ನು ಆಗ ಕೈಬಿಡಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಾರಣಾಸಕ್ತ ಓದುಗ